ಸ್ಕ್ರಾಚ್‌ನಲ್ಲಿ ಇಫ್, ಲೂಪ್, ವೇಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕ್ರಾಚ್ ಅಂದರೆ ಬಣ್ಣದ ಬ್ಲಾಕ್‌ಗಳನ್ನು ಜೋಡಿಸಿ ಕಂಪ್ಯೂಟರಿನಲ್ಲಿ ಕಥೆ, ಆಟ ಮಾಡುವ ಪ್ರೋಗ್ರಾಮಿಂಗ್ ಭಾಷೆ. ಅದನ್ನು ಕಲಿಯುವ ಮಕ್ಕಳು, ಅವರ ಪಕ್ಕ ಕೂರುವ ಅಪ್ಪ ಅಮ್ಮ, ಶಾಲೆಯಲ್ಲಿ ಹೇಳಿಕೊಡುವ ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಅವರು ಕೇಳಿದ ಮಾತನ್ನು ಹಾಗೆಯೇ ಇಟ್ಟಿದ್ದೇನೆ. ಎಲ್ಲವೂ ಸ್ಕ್ರಾಚ್ 3ಕ್ಕೆ ಸಂಬಂಧಿಸಿದ್ದು. ಇಂಗ್ಲಿಷ್ ಪರದೆಯಲ್ಲಿ ಕಾಣುವ ಬ್ಲಾಕ್‌ಗಳ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ.

ಯಾವ ಬ್ಲಾಕ್ ಬೇಕು ಅನ್ನುವುದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ಆ ಬ್ಲಾಕ್ ಯಾವ ಕ್ಷಣದಲ್ಲಿ ಓಡುತ್ತದೆ ಅನ್ನುವಲ್ಲಿ ಎಲ್ಲರೂ ತಡವರಿಸುತ್ತಾರೆ. ಅದಕ್ಕೇ ಈ ಉತ್ತರಗಳಲ್ಲಿ ಅದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

## ಶುರು ಮಾಡುವವರಿಗೆ

ಕಿತ್ತಳೆ ಬಣ್ಣದ ಕಂಟ್ರೋಲ್ ಗುಂಪಿನಲ್ಲಿ ಏನಿದೆ? ಅದಿಲ್ಲದೆ ಆಟ ಮಾಡೋಕಾಗಲ್ವಾ?

ಚಿಕ್ಕ ಕಥೆಯೊಂದನ್ನು ಅದಿಲ್ಲದೆ ಮಾಡಬಹುದು. ಬ್ಲಾಕ್‌ಗಳನ್ನು ಒಂದರ ಕೆಳಗೆ ಒಂದು ಜೋಡಿಸಿದರೆ ಸ್ಕ್ರಾಚ್ ಮೇಲಿಂದ ಕೆಳಗೆ ಒಂದೊಂದಾಗಿ ಓಡಿಸುತ್ತದೆ. ಬೆಕ್ಕು ನಡೆಯುತ್ತದೆ, "ನಮಸ್ಕಾರ" ಅನ್ನುತ್ತದೆ, ಮುಗಿಯಿತು. ಆದರೆ ಆಟ ಅಂದಮೇಲೆ ಆಡುವವರು ಏನು ಮಾಡುತ್ತಾರೋ ನೋಡಿಕೊಂಡು ಬೇರೆ ಬೇರೆ ದಾರಿ ಹಿಡಿಯಬೇಕು. ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕು. ಅದಕ್ಕೆ ಈ ಗುಂಪು ಬೇಕು.

ಇದರಲ್ಲಿ 11 ಬ್ಲಾಕ್‌ಗಳಿವೆ. ಮತ್ತೆ ಮತ್ತೆ ಮಾಡಿಸಲು ರಿಪೀಟ್, ಫಾರೆವರ್, ರಿಪೀಟ್ ಅಂಟಿಲ್. ಇವಕ್ಕೆ ಲೂಪ್ ಅನ್ನುತ್ತಾರೆ. ದಾರಿ ಆರಿಸಲು ಇಫ್ ದೆನ್, ಇಫ್ ದೆನ್ ಎಲ್ಸ್. ಕಾಯಿಸಲು ವೇಟ್, ವೇಟ್ ಅಂಟಿಲ್. ನಿಲ್ಲಿಸಲು ಸ್ಟಾಪ್. ಉಳಿದ ಮೂರು ಕ್ಲೋನ್‌ಗಳಿಗೆ ಸಂಬಂಧಿಸಿದವು. ಕ್ಲೋನ್ ಅಂದರೆ ಆಟ ಓಡುವಾಗ ಮಾಡುವ ಪಾತ್ರದ ನಕಲು. ಈ ಮೂರನ್ನು ಶುರುವಿನಲ್ಲಿ ಮುಟ್ಟದಿದ್ದರೂ ನಡೆಯುತ್ತದೆ.

ಮಗಳಿಗೆ ಆರು ವರ್ಷ. ಅವಳಿಗೂ ಈಗಲೇ ಇಫ್ ಹೇಳಿಕೊಡಬಹುದಾ?

ಅವಸರ ಬೇಡ. ಸ್ಕ್ರಾಚ್ ಅನ್ನು ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿ 2007ರಲ್ಲಿ ಎಲ್ಲರಿಗೂ ಬಿಟ್ಟಿತು. ಅದು 8ರಿಂದ 16 ವರ್ಷದವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. 5ರಿಂದ 7 ವರ್ಷದವರಿಗೆ ಸ್ಕ್ರಾಚ್ ಜೂನಿಯರ್ ಇದೆ. ಅದರಲ್ಲಿ ರಿಪೀಟ್ ಇದೆ, ಫಾರೆವರ್ ಇದೆ, ವೇಟ್ ಇದೆ. ಇಫ್ ಇಲ್ಲ. ಓದಲು ಬಾರದ ಮಗುವೂ ಚಿತ್ರ ನೋಡಿ ಜೋಡಿಸಬಹುದು. ಒಂದಾದಮೇಲೆ ಒಂದು ನಡೆಯುತ್ತದೆ ಅನ್ನುವುದು ಅಲ್ಲಿ ಚೆನ್ನಾಗಿ ಕೂತರೆ ಮುಂದೆ ಇಫ್ ಬಹಳ ಸುಲಭ.

ಹಸಿರು ಬಾವುಟ ಒತ್ತಿದೆ. ಏನೂ ಆಗ್ಲಿಲ್ಲ. ಯಾಕೆ?

ಮೊದಲು ಬ್ಲಾಕ್‌ಗಳ ತಲೆಯ ಮೇಲೆ ಟೋಪಿ ಇದೆಯಾ ನೋಡಿ. "ವೆನ್ ಫ್ಲ್ಯಾಗ್ ಕ್ಲಿಕ್ಡ್" ತರಹದ, ಮೇಲ್ಭಾಗ ಗುಂಡಗಿರುವ ಬ್ಲಾಕ್ ಇಲ್ಲದಿದ್ದರೆ ಕೆಳಗಿನ ಬ್ಲಾಕ್‌ಗಳು ಸುಮ್ನೆ ಕೂತಿರುತ್ತವೆ. ಟೋಪಿ ಇದ್ದರೂ ಏನೂ ಕಾಣದಿದ್ದರೆ, ಬಾವುಟ ಒತ್ತುವಾಗ ಸ್ಕ್ರಿಪ್ಟ್‌ನ ಸುತ್ತ ಹಳದಿ ಅಂಚು ಬರುತ್ತದಾ ಗಮನಿಸಿ. ಒಂದಕ್ಕೊಂದು ಅಂಟಿಸಿದ ಬ್ಲಾಕ್‌ಗಳ ಸಾಲೇ ಸ್ಕ್ರಿಪ್ಟ್. ಅಂಚು ಇದ್ದಷ್ಟು ಹೊತ್ತು ಅದು ಓಡುತ್ತಿದೆ ಅಂತ ಅರ್ಥ. ಫಕ್ಕನೆ ಬಂದು ಹೋದರೆ ಓಡಿ ಮುಗಿದಿದೆ. ಈ ಹಳದಿ ಅಂಚನ್ನು ನೋಡುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ವಾರದಲ್ಲೇ ಮಾಡಿಸಿ. ತಪ್ಪು ಹುಡುಕಲು ಸ್ಕ್ರಾಚ್‌ನಲ್ಲಿ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ.

ರಿಪೀಟ್, ಫಾರೆವರ್, ರಿಪೀಟ್ ಅಂಟಿಲ್: ಮೂರೂ ಒಂದೇ ತರ ಕಾಣ್ತವೆ. ಯಾವುದನ್ನ ಯಾವಾಗ ಹಾಕೋದು?

ಎಷ್ಟು ಸಲ ಅಂತ ಮೊದಲೇ ಗೊತ್ತಿದ್ದರೆ ರಿಪೀಟ್. ಚೌಕ ಬರೆಯಲು 4 ಸಲ, ಹೂವಿನ ಎಸಳಿಗೆ 6 ಸಲ. ಆಟ ನಡೆಯುವಷ್ಟೂ ಹೊತ್ತು ಮಾಡುತ್ತಲೇ ಇರಬೇಕಾದರೆ ಫಾರೆವರ್. ಯಾವುದೋ ಒಂದು ಆಗುವ ತನಕ ಅಂತಾದರೆ ರಿಪೀಟ್ ಅಂಟಿಲ್.

ರಿಪೀಟ್ ಅಂಟಿಲ್ ಪ್ರತಿ ಸುತ್ತಿಗೂ ಮೊದಲು ಷರತ್ತು ನೋಡುತ್ತದೆ. ಶುರುವಿನಲ್ಲೇ ಷರತ್ತು ನಿಜವಾಗಿದ್ದರೆ ಒಳಗಿನ ಬ್ಲಾಕ್‌ಗಳು ಒಂದು ಸಲವೂ ಓಡುವುದಿಲ್ಲ. "ಚೆಂಡು ಅಂಚಿಗೆ ತಾಗುವ ತನಕ ಚಲಿಸು" ಅಂತ ಬರೆದು, ಚೆಂಡನ್ನು ಅಂಚಿನಲ್ಲೇ ಇಟ್ಟು ಶುರು ಮಾಡಿದರೆ ಅದು ಅಲ್ಲಾಡುವುದಿಲ್ಲ.

ಫಾರೆವರ್ ಕೆಳಗೆ ಬ್ಲಾಕ್ ಅಂಟ್ತಾನೇ ಇಲ್ಲ. ಮೌಸ್ ಹಾಳಾಗಿದೆಯಾ?

ಮೌಸ್ ಸರಿಯಾಗಿದೆ. ಫಾರೆವರ್ ತಾನಾಗಿ ಮುಗಿಯುವುದಿಲ್ಲ, ಹಾಗಾಗಿ ಅದರ ನಂತರ ಅನ್ನುವುದೇ ಇಲ್ಲ. ಅದಕ್ಕೇ ಅದರ ತಳ ಚಪ್ಪಟೆ. ಮುಂದೆ ಏನಾದರೂ ಆಗಬೇಕಿದ್ದರೆ ರಿಪೀಟ್ ಅಂಟಿಲ್ ಹಾಕಿ, ಅದರ ಕೆಳಗೆ ಜೋಡಿಸಿ.

ಸ್ಟಾಪ್ ಬ್ಲಾಕ್ ಕೂಡ ಹೀಗೆಯೇ. "ಆಲ್" ಅಥವಾ "ದಿಸ್ ಸ್ಕ್ರಿಪ್ಟ್" ಆರಿಸಿದಾಗ ತಳ ಚಪ್ಪಟೆ. "ಅದರ್ ಸ್ಕ್ರಿಪ್ಟ್ಸ್ ಇನ್ ಸ್ಪ್ರೈಟ್" ಆರಿಸಿದ ತಕ್ಷಣ ಕೆಳಗೆ ಜೋಡಿಸುವ ಮೂಗು ಬರುತ್ತದೆ. ಯಾಕೆಂದರೆ ಈಗ ನಿಲ್ಲುವುದು ಅದೇ ಸ್ಪ್ರೈಟ್‌ನ (ಬೆಕ್ಕು, ಚೆಂಡಿನಂಥ ಪಾತ್ರದ) ಬೇರೆ ಸ್ಕ್ರಿಪ್ಟ್‌ಗಳು, ಇದು ಮುಂದುವರಿಯುತ್ತದೆ. ಬ್ಲಾಕ್‌ನ ಆಕಾರವೇ ಇಷ್ಟೊಂದು ಹೇಳಿಕೊಡುತ್ತದೆ ಅನ್ನುವುದು ಸ್ಕ್ರಾಚ್‌ನಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ.

## ಆಟ ಮಾಡಲು ಹೊರಟವರಿಗೆ

ಬೆಕ್ಕು ಗೋಡೆಗೆ ಡಿಕ್ಕಿ ಹೊಡೆದ್ರೂ "ಅಯ್ಯೋ" ಅನ್ನಲ್ಲ. ಇಫ್ ಸರಿಯಾಗೇ ಹಾಕಿದೀನಿ ಮೇಡಂ!

ಇದರಷ್ಟು ಸಲ ನಾನು ಬೇರೆ ಯಾವ ಪ್ರಶ್ನೆಯನ್ನೂ ಕೇಳಿಲ್ಲ. ಸ್ಕ್ರಿಪ್ಟ್ ಸಾಮಾನ್ಯವಾಗಿ ಹೀಗಿರುತ್ತದೆ:

ವೆನ್ ಫ್ಲ್ಯಾಗ್ ಕ್ಲಿಕ್ಡ್
ಇಫ್ <ಟಚಿಂಗ್ ಗೋಡೆ> ದೆನ್
— ಸೇ "ಅಯ್ಯೋ" ಫಾರ್ 2 ಸೆಕೆಂಡ್ಸ್

ಷರತ್ತು ಸರಿ, ಮಾತು ಸರಿ. ಆದರೆ ಇಫ್ ತನ್ನ ಸರದಿ ಬಂದಾಗ ಒಂದೇ ಒಂದು ಸಲ ನೋಡುತ್ತದೆ. ಬಾವುಟ ಒತ್ತಿದ ಗಳಿಗೆಯಲ್ಲಿ ಬೆಕ್ಕು ನಡುವಿನಲ್ಲಿ ನಿಂತಿದೆ. "ಗೋಡೆ ತಾಗಿದೆಯಾ? ಇಲ್ಲ." ಅಷ್ಟೇ, ಸ್ಕ್ರಿಪ್ಟ್ ಮುಗಿಯಿತು. ಬಸ್ ಬಂತಾ ಅಂತ ಕಿಟಕಿಯಿಂದ ಒಂದು ಸಲ ಇಣುಕಿ ಒಳಗೆ ಬಂದು ಮಲಗಿದ ಹಾಗೆ. ಆಮೇಲೆ ಬಸ್ ಬಂದರೆ ಯಾರಿಗೆ ಗೊತ್ತಾಗಬೇಕು? ನೀವು ಬಾಣದ ಕೀ ಒತ್ತಿ ಬೆಕ್ಕನ್ನು ಗೋಡೆಯ ಹತ್ತಿರ ತರುವ ಹೊತ್ತಿಗೆ ನೋಡುವವರೇ ಇಲ್ಲ.

ಪರಿಹಾರ: ಇಫ್ ಅನ್ನು ಫಾರೆವರ್ ಒಳಗೆ ಇಡಿ. ಈಗ ಅದು ನೋಡುತ್ತಲೇ ಇರುತ್ತದೆ.

ಇಷ್ಟು ಮಾಡಿದರೂ ಕೆಲವೊಮ್ಮೆ ಡಿಕ್ಕಿ ತಪ್ಪಿಹೋಗುತ್ತದೆ. ಆಗ ಎರಡು ಕಡೆ ಹುಡುಕಿ. ಒಂದು, ಇಫ್ ಲೂಪ್‌ನ ಬಾಯಿಯ ಒಳಗಿದೆಯೋ ಕೆಳಗಿದೆಯೋ. ರಿಪೀಟ್‌ನ ಕೆಳಗಿದ್ದರೆ ಎಲ್ಲ ಸುತ್ತು ಮುಗಿದ ಮೇಲೆ ಒಂದು ಸಲ ಮಾತ್ರ ನೋಡುತ್ತದೆ. ಎರಡು, ಅದೇ ಫಾರೆವರ್‌ನಲ್ಲಿ ವೇಟ್ ಅಥವಾ "ಸೇ ಫಾರ್ 2 ಸೆಕೆಂಡ್ಸ್" ಇದೆಯಾ. ಆ ಎರಡು ಸೆಕೆಂಡ್ ಆ ಸ್ಕ್ರಿಪ್ಟ್ ಅಲ್ಲೇ ನಿಂತಿರುತ್ತದೆ, ಬೇರೇನನ್ನೂ ನೋಡುವುದಿಲ್ಲ. ಮಾತನಾಡುವ ಕೆಲಸ ಒಂದು ಸ್ಕ್ರಿಪ್ಟ್‌ಗೆ, ಡಿಕ್ಕಿ ನೋಡುವ ಕೆಲಸ ಇನ್ನೊಂದಕ್ಕೆ ಕೊಡಿ. ಒಂದೇ ಸ್ಪ್ರೈಟ್‌ಗೆ ಬಾವುಟದ ಟೋಪಿ ಎಷ್ಟು ಬೇಕಾದರೂ ಹಾಕಬಹುದು.

ಒಂದು ಮಾವಿನಹಣ್ಣು ಮುಟ್ಟಿದ್ರೆ 1 ಪಾಯಿಂಟ್ ಬರ್ಬೇಕು. ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಬರ್ತಿದೆ!

ಮೇಲಿನ ತೊಂದರೆಗೆ ತದ್ವಿರುದ್ಧ. ಇಲ್ಲಿ ಸ್ಕ್ರಾಚ್ ತುಂಬಾ ಜಾಸ್ತಿ ಸಲ ನೋಡುತ್ತಿದೆ. ಸ್ಕ್ರಾಚ್ ಪರದೆಯನ್ನು ಸೆಕೆಂಡಿಗೆ ಸುಮಾರು 30 ಸಲ ಹೊಸದಾಗಿ ಬರೆಯುತ್ತದೆ. ಸ್ಪ್ರೈಟ್‌ಗಳು ಚಲಿಸುತ್ತಿರುವ ಆಟದಲ್ಲಿ ಫಾರೆವರ್ ಕೂಡ ಹೆಚ್ಚುಕಡಿಮೆ ಅದೇ ವೇಗದಲ್ಲಿ ಸುತ್ತುತ್ತದೆ. ಹುಡುಗ ಹಣ್ಣಿಗೆ ಒಂದು ಸೆಕೆಂಡ್ ತಾಗಿಕೊಂಡಿದ್ದರೆ ಅಷ್ಟೂ ಸುತ್ತಿನಲ್ಲಿ ಷರತ್ತು ನಿಜ, ಅಷ್ಟೂ ಸಲ 1 ಪಾಯಿಂಟ್.

ಹಣ್ಣು ಮಾಯವಾಗಿ ಬೇರೆ ಕಡೆ ಬರುವ ಆಟವಾದರೆ, ಪಾಯಿಂಟ್ ಕೊಟ್ಟ ತಕ್ಷಣ "ಗೋ ಟು ರ್‍ಯಾಂಡಮ್ ಪೊಸಿಷನ್" ಹಾಕಿ. ಹಣ್ಣು ಅಲ್ಲೇ ಇರಬೇಕಿದ್ದರೆ ಹೀಗೆ ಮಾಡಿ:

ಫಾರೆವರ್
— ವೇಟ್ ಅಂಟಿಲ್ <ಟಚಿಂಗ್ ಹಣ್ಣು>
— ಚೇಂಜ್ ಪಾಯಿಂಟ್ ಬೈ 1
— ವೇಟ್ ಅಂಟಿಲ್ <ನಾಟ್ <ಟಚಿಂಗ್ ಹಣ್ಣು>>

ಮುಟ್ಟುವ ತನಕ ಕಾಯುತ್ತದೆ, ಒಂದು ಪಾಯಿಂಟ್ ಕೊಡುತ್ತದೆ, ಬಿಡುವ ತನಕ ಕಾಯುತ್ತದೆ. ಕೆಲವರು ಇಲ್ಲಿ "ವೇಟ್ 1 ಸೆಕೆಂಡ್" ಹಾಕಿ ಸರಿಮಾಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಆಡುವವರು ಒಂದೂವರೆ ಸೆಕೆಂಡ್ ನಿಂತರೆ ಮತ್ತೆ ಎರಡು ಪಾಯಿಂಟ್ ಬರುತ್ತದೆ. ತಪ್ಪು ಅಲ್ಲೇ ಇರುತ್ತದೆ, ಸ್ವಲ್ಪ ಮರೆಯಾಗಿರುತ್ತದೆ ಅಷ್ಟೇ.

ಬಲ ಬಾಣ ಒತ್ತಿ ಹಿಡಿದ್ರೆ ಕಾರು ಒಂದು ಹೆಜ್ಜೆ ಹೋಗಿ ತಡೆದು ಆಮೇಲೆ ಓಡುತ್ತೆ. ಯಾಕೆ ಹೀಗೆ?

"ವೆನ್ ರೈಟ್ ಆ್ಯರೋ ಕೀ ಪ್ರೆಸ್ಡ್" ಟೋಪಿ ಹಾಕಿರುತ್ತೀರಿ. ಒತ್ತಿಹಿಡಿದ ಕೀಯನ್ನು ಕಂಪ್ಯೂಟರ್ ಒಂದು ಸಲ ಕಳಿಸಿ, ಸ್ವಲ್ಪ ಬಿಟ್ಟು, ಆಮೇಲೆ ಸರಸರ ಕಳಿಸುತ್ತದೆ. ಬರೆಯುವಾಗ ಒಂದು ಅಕ್ಷರವನ್ನು ಒತ್ತಿಹಿಡಿದರೂ ಹೀಗೆಯೇ ಆಗುವುದನ್ನು ನೋಡಬಹುದು. ಅದರ ಬದಲು ಬಾವುಟದ ಟೋಪಿ, ಅದರ ಕೆಳಗೆ ಫಾರೆವರ್, ಅದರೊಳಗೆ "ಇಫ್ ಕೀ ರೈಟ್ ಆ್ಯರೋ ಪ್ರೆಸ್ಡ್?" ಹಾಕಿ. ಕಾರು ನುಣುಪಾಗಿ ಓಡುತ್ತದೆ.

ಇಫ್ ಎಲ್ಸ್ ಯಾಕೆ ಬೇಕು? ಎರಡು ಇಫ್ ಹಾಕಿದ್ರೂ ಅದೇ ಅಲ್ವಾ?

ಎಷ್ಟೋ ಸಲ ಅದೇ. ಕೆಲವೊಮ್ಮೆ ಮಾತ್ರ ಅಲ್ಲ. ಆ ಕೆಲವೊಮ್ಮೆ ಬಂದಾಗ ತಲೆ ಕೆಟ್ಟುಹೋಗುತ್ತದೆ. "ದೀಪ" ಅನ್ನುವ ವೇರಿಯೇಬಲ್ (ಬದಲಾಗುವ ಒಂದು ಬೆಲೆಯನ್ನು ಇಟ್ಟುಕೊಳ್ಳುವ ಡಬ್ಬಿ) 0 ಇದ್ದರೆ ಆರಿದೆ, 1 ಇದ್ದರೆ ಉರಿಯುತ್ತಿದೆ ಅಂದುಕೊಳ್ಳಿ. ಸ್ವಿಚ್ ಒತ್ತಿದಾಗ ಬದಲಾಗಬೇಕು.

ಇಫ್ <ದೀಪ = 0> ದೆನ್
— ಸೆಟ್ ದೀಪ ಟು 1
ಇಫ್ <ದೀಪ = 1> ದೆನ್
— ಸೆಟ್ ದೀಪ ಟು 0

ಬೆರಳಿಟ್ಟು ಓದಿ. ದೀಪ 0 ಇತ್ತು. ಮೊದಲ ಇಫ್ ಅದನ್ನು 1 ಮಾಡಿತು. ಎರಡನೆಯ ಇಫ್ ಬಂದು ನೋಡಿದಾಗ 1 ಇದೆ, ತಿರುಗಿ 0 ಮಾಡಿತು. ಈ ದೀಪ ಎಂದೂ ಉರಿಯುವುದಿಲ್ಲ. ಇಫ್ ಎಲ್ಸ್ ಹಾಕಿದರೆ ಷರತ್ತನ್ನು ಒಂದೇ ಸಲ ನೋಡಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತದೆ, ಇನ್ನೊಂದರ ಕಡೆ ತಿರುಗಿಯೂ ನೋಡುವುದಿಲ್ಲ.

ಮೂರು ದಾರಿ ಬೇಕಿದ್ದರೆ ಎಲ್ಸ್ ಒಳಗೆ ಇನ್ನೊಂದು ಇಫ್ ಎಲ್ಸ್ ಇಡಿ. ಆಗ ಸರದಿ ಮುಖ್ಯ. 90ಕ್ಕಿಂತ ಹೆಚ್ಚಾದರೆ "ಭೇಷ್", 60ಕ್ಕಿಂತ ಹೆಚ್ಚಾದರೆ "ಚೆನ್ನಾಗಿದೆ" ಅನ್ನಬೇಕಿದ್ದರೆ 90ರದ್ದನ್ನೇ ಮೊದಲು ಕೇಳಿ. 60ರದ್ದನ್ನು ಮೊದಲು ಕೇಳಿದರೆ 95 ತೆಗೆದವರಿಗೂ "ಚೆನ್ನಾಗಿದೆ" ಅಂತಷ್ಟೇ ಬರುತ್ತದೆ.

"18 ಅಥವಾ ಅದಕ್ಕಿಂತ ಜಾಸ್ತಿ" ಅನ್ನೋಕೆ ಚಿಹ್ನೆಯೇ ಇಲ್ವಲ್ಲ?

ಸ್ಕ್ರಾಚ್‌ನಲ್ಲಿ ಕಡಿಮೆ, ಸಮ, ಹೆಚ್ಚು ಈ ಮೂರೇ ಇವೆ. ಮತ ಹಾಕುವ ವಯಸ್ಸು ಆಗಿದೆಯಾ ನೋಡಲು "ನಾಟ್ <ವಯಸ್ಸು < 18>" ಅನ್ನಿ. 18ಕ್ಕಿಂತ ಕಡಿಮೆ ಅಲ್ಲ ಅಂದರೆ 18 ಅಥವಾ ಜಾಸ್ತಿ. ವಯಸ್ಸು ಪೂರ್ಣಸಂಖ್ಯೆಯೇ ಆಗಿದ್ದರೆ "ವಯಸ್ಸು > 17" ಸಾಕು.

ಕ್ವಿಜ್‌ನಲ್ಲಿ ಉತ್ತರ ಸರಿಯಾಗಿ ಟೈಪ್ ಮಾಡಿದ್ರೂ ತಪ್ಪು ಅಂತಿದೆ.

ಹೆಚ್ಚಾಗಿ ಉತ್ತರದ ಹಿಂದೆ ಒಂದು ಖಾಲಿ ಜಾಗ ಸೇರಿಕೊಂಡಿರುತ್ತದೆ. "ಮೈಸೂರು" ಮತ್ತು "ಮೈಸೂರು " ಸ್ಕ್ರಾಚ್‌ಗೆ ಬೇರೆ ಬೇರೆ. ಆಡುವವರು ಟೈಪ್ ಮಾಡಿದ್ದರಲ್ಲಿ ಮಾತ್ರವಲ್ಲ, ನೀವು ಷರತ್ತಿನಲ್ಲಿ ಬರೆದದ್ದರಲ್ಲೂ ನೋಡಿ. ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲಿ ಲೆಕ್ಕಕ್ಕಿಲ್ಲ, ಆ ಚಿಂತೆ ಬೇಡ. ಕನ್ನಡ ಅಂಕಿಗಳ ವಿಷಯದಲ್ಲಿ ಮಾತ್ರ ಹುಷಾರು. ಆಡುವವರು ೫ ಅಂತ ಟೈಪ್ ಮಾಡಿದರೆ ಸ್ಕ್ರಾಚ್ ಅದನ್ನು 5 ಅಂತ ಓದುವುದಿಲ್ಲ. ಕನ್ನಡ ಕೀಬೋರ್ಡ್ ಬಳಸುವ ಮಕ್ಕಳಿಗೆ ಕ್ವಿಜ್ ಮಾಡುತ್ತಿದ್ದರೆ "ಆನ್ಸರ್ = 5 ಆರ್ ಆನ್ಸರ್ = ೫" ಅಂತ ಎರಡನ್ನೂ ಒಪ್ಪಿಕೊಳ್ಳಿ.

## ಸ್ವಲ್ಪ ಮುಂದೆ ಹೋದವರಿಗೆ

ಲೂಪ್ ಒಳಗೆ ಲೂಪ್ ಹಾಕಿ ಮಗ್ಗಿ ಬರೆಸಿದೆ. ಎರಡರ ಮಗ್ಗಿ ಸರಿ ಬಂತು, ಮೂರರದ್ದು 33ರಿಂದ ಶುರುವಾಯ್ತು!

ಆ 33ರಲ್ಲೇ ಉತ್ತರ ಇದೆ. 33 ಅಂದರೆ ಮೂರು ಹನ್ನೊಂದ್ಲಿ. ಗುಣಕ 11ಕ್ಕೆ ಹೋಗಿ ನಿಂತಿತ್ತು, ಅದನ್ನು ಯಾರೂ 1ಕ್ಕೆ ತರಲಿಲ್ಲ. ಸರಿಯಾದದ್ದು ಇದು:

ಡಿಲೀಟ್ ಆಲ್ ಆಫ್ ಮಗ್ಗಿ
ಸೆಟ್ ಸಾಲು ಟು 2
ರಿಪೀಟ್ 9
— ಸೆಟ್ ಗುಣಕ ಟು 1
— ರಿಪೀಟ್ 10
— — ಆ್ಯಡ್ (ಸಾಲು * ಗುಣಕ) ಟು ಮಗ್ಗಿ
— — ಚೇಂಜ್ ಗುಣಕ ಬೈ 1
— ಚೇಂಜ್ ಸಾಲು ಬೈ 1

"ಸೆಟ್ ಗುಣಕ ಟು 1" ಹೊರಗಿನ ರಿಪೀಟ್‌ನ ಒಳಗೆ, ಒಳಗಿನ ರಿಪೀಟ್‌ಗಿಂತ ಮೊದಲು ಇರಬೇಕು. ಪ್ರತಿ ಹೊಸ ಮಗ್ಗಿಗೂ ಅದು ಓಡುತ್ತದೆ. ಲೂಪ್‌ಗಳ ಹೊರಗೆ, ಮೇಲೆ ಇಟ್ಟರೆ ಒಂದು ಸಲ ಮಾತ್ರ ಓಡುತ್ತದೆ. ಪಟ್ಟಿಯಲ್ಲಿ ಒಟ್ಟು 90 ಸಂಖ್ಯೆಗಳು ಬರಬೇಕು. ಬಾವುಟವನ್ನು ಎರಡನೆಯ ಸಲ ಒತ್ತಿದಾಗ 180 ಬಂದರೆ ಮೊದಲ ಸಾಲಿನ ಡಿಲೀಟ್ ಮರೆತಿದ್ದೀರಿ ಅಂತ ಅರ್ಥ. ವೇರಿಯೇಬಲ್ ಆಗಲಿ ಪಟ್ಟಿಯಾಗಲಿ ಬಾವುಟ ಒತ್ತಿದ ಮಾತ್ರಕ್ಕೆ ಖಾಲಿಯಾಗುವುದಿಲ್ಲ.

ಬ್ರೇಕ್ ಇಲ್ವಾ? ಲೂಪ್ ಮಧ್ಯದಲ್ಲೇ ಹೊರಗೆ ಬರೋದು ಹೇಗೆ?

ಬ್ರೇಕ್ ಇಲ್ಲ, ಈ ಸುತ್ತನ್ನು ಬಿಟ್ಟು ಮುಂದಿನ ಸುತ್ತಿಗೆ ಹಾರುವ ಕಂಟಿನ್ಯೂ ಕೂಡ ಇಲ್ಲ. ಬೇರೆ ಭಾಷೆ ಕಲಿತು ಬಂದ ಶಿಕ್ಷಕರು ಇದನ್ನು ಕೊರತೆ ಅನ್ನುತ್ತಾರೆ. ಕಲಿಯುವವರಿಗೆ ಇದರಿಂದ ಒಳ್ಳೆಯದೇ ಆಗಿದೆ ಅಂತ ನನ್ನ ಅನಿಸಿಕೆ. ಯಾವಾಗ ನಿಲ್ಲಬೇಕು ಅನ್ನುವುದನ್ನು ಲೂಪ್‌ನ ತಲೆಯಲ್ಲೇ ಬರೆಯಬೇಕಾಗುತ್ತದೆ. ಪಟ್ಟಿಯಲ್ಲಿ ಒಂದು ಹೆಸರು ಹುಡುಕಬೇಕು ಅನ್ನಿ: "ರಿಪೀಟ್ ಅಂಟಿಲ್ <ಸ್ಥಾನ > ಪಟ್ಟಿಯ ಉದ್ದ> ಆರ್ <ಆ ಸ್ಥಾನದ ಐಟಂ = ಹೆಸರು>". ಸಿಕ್ಕರೂ ನಿಲ್ಲುತ್ತದೆ, ಪಟ್ಟಿ ಮುಗಿದರೂ ನಿಲ್ಲುತ್ತದೆ.

ಲೂಪ್ ಒಳಗಿನ ಲೂಪ್‌ನಿಂದ ಒಟ್ಟಿಗೆ ಹೊರಬರಬೇಕಿದ್ದರೆ ಇನ್ನೊಂದು ದಾರಿ ಇದೆ. ಎರಡೂ ಲೂಪ್‌ಗಳನ್ನು "ಮೈ ಬ್ಲಾಕ್ಸ್"ನಲ್ಲಿ ಒಂದು ಹೊಸ ಬ್ಲಾಕ್ ಮಾಡಿ ಅದರ ಕೆಳಗೆ ಇಡಿ. ಒಳಗೆ "ಸ್ಟಾಪ್ ದಿಸ್ ಸ್ಕ್ರಿಪ್ಟ್" ಹಾಕಿ. ಅಲ್ಲಿ ಅದು ಆ ಹೊಸ ಬ್ಲಾಕ್‌ನ ಕೆಲಸವನ್ನಷ್ಟೇ ಮುಗಿಸುತ್ತದೆ, ಕರೆದ ಸ್ಕ್ರಿಪ್ಟ್ ಮುಂದಿನ ಸಾಲಿಗೆ ಹೋಗುತ್ತದೆ.

ಪಟ್ಟಿಯಿಂದ ಸೊನ್ನೆಗಳನ್ನ ತೆಗೀಬೇಕು. ಲೂಪ್ ಹಾಕಿದೆ, ಆದ್ರೂ ಒಂದು ಸೊನ್ನೆ ಉಳೀತು.

ಪಟ್ಟಿ 12, 0, 0, 45 ಅಂದುಕೊಳ್ಳಿ. ಎರಡನೆಯದನ್ನು ಅಳಿಸಿದ ತಕ್ಷಣ ಮೂರನೆಯ ಸ್ಥಾನದ ಸೊನ್ನೆ ಎರಡಕ್ಕೆ ಸರಿಯುತ್ತದೆ. ನಿಮ್ಮ ಲೂಪ್ ಅಷ್ಟರಲ್ಲಿ ಮೂರಕ್ಕೆ ಹೋಗಿಯಾಯಿತು, ಅಲ್ಲಿ 45 ಇದೆ. ಕೊನೆಯಿಂದ ಹಿಂದಕ್ಕೆ ಬನ್ನಿ, ಆಗ ಸರಿದದ್ದೆಲ್ಲ ನೀವು ಈಗಾಗಲೇ ನೋಡಿದ ಭಾಗದಲ್ಲೇ ಸರಿಯುತ್ತದೆ. ಅಂದಹಾಗೆ, "ರಿಪೀಟ್ (ಪಟ್ಟಿಯ ಉದ್ದ)" ಅಂತ ಹಾಕಿದಾಗ ಎಷ್ಟು ಸಲ ಅನ್ನುವುದು ಲೂಪ್ ಶುರುವಾಗುವಾಗಲೇ ನಿಗದಿಯಾಗುತ್ತದೆ. ನಡುವೆ ಪಟ್ಟಿ ಚಿಕ್ಕದಾದರೂ ಸುತ್ತು ಕಡಿಮೆಯಾಗುವುದಿಲ್ಲ.

ಪೆನ್‌ನಿಂದ ವೃತ್ತ ಬರೆಸೋಕೆ 12 ಸೆಕೆಂಡ್ ತಗೊಳ್ತಿದೆ. ನಮ್ಮ ಲ್ಯಾಬಿನ ಹಳೇ ಕಂಪ್ಯೂಟರ್ ಕಾರಣನಾ?

ಹೊಸ ಕಂಪ್ಯೂಟರಿನಲ್ಲೂ ಅಷ್ಟೇ ಹೊತ್ತು. ರಿಪೀಟ್ 360 ಹಾಕಿದ್ದೀರಿ, ಪ್ರತಿ ಸುತ್ತಿನಲ್ಲೂ ಪರದೆಯ ಮೇಲೆ ಏನೋ ಬದಲಾಗುತ್ತದೆ, ಹಾಗಾಗಿ ಸ್ಕ್ರಾಚ್ ಪ್ರತಿ ಸುತ್ತಿಗೂ ಪರದೆ ಹೊಸದಾಗುವ ತನಕ ತಡೆಯುತ್ತದೆ. ಸೆಕೆಂಡಿಗೆ 30ರಂತೆ 360ಕ್ಕೆ 12 ಸೆಕೆಂಡ್. ಇದು ಬೇಕೆಂದೇ ಮಾಡಿದ್ದು. ಮಗು ಗೆರೆ ಮೂಡುವುದನ್ನು ಕಣ್ಣಾರೆ ನೋಡಲಿ ಅಂತ.

ಬೇಗ ಆಗಬೇಕಿದ್ದರೆ ಆ ಲೂಪ್ ಅನ್ನು "ಮೈ ಬ್ಲಾಕ್ಸ್"ಗೆ ಹಾಕಿ, ಬ್ಲಾಕ್ ಮಾಡುವಾಗ "ರನ್ ವಿದೌಟ್ ಸ್ಕ್ರೀನ್ ರಿಫ್ರೆಶ್"ಗೆ ಗುರುತು ಹಾಕಿ. ವೃತ್ತ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಬಿಡುತ್ತದೆ. ಅಂಥ ಬ್ಲಾಕ್ ಒಳಗೆ ಫಾರೆವರ್ ಮಾತ್ರ ಇಡಬೇಡಿ, ಇಡೀ ಆಟ ಒದ್ದಾಡುತ್ತದೆ. ಒಂದು ಸಲ ನೋಡಲಷ್ಟೇ ಆದರೆ ಶಿಫ್ಟ್ ಒತ್ತಿಕೊಂಡು ಬಾವುಟ ಒತ್ತಿ, ಎಲ್ಲವೂ ಸರಸರ ಓಡುವ ಟರ್ಬೊ ಮೋಡ್ ಬರುತ್ತದೆ.

ನಾಟಕದಲ್ಲಿ ಅಜ್ಜಿ ಮಾತು ಮುಗಿಯೋ ಮೊದಲೇ ಮೊಮ್ಮಗ ಮಾತಾಡ್ತಾನೆ. ವೇಟ್ ಎಷ್ಟು ಸೆಕೆಂಡ್ ಹಾಕ್ಲಿ?

ಸೆಕೆಂಡ್ ಎಣಿಸುವುದನ್ನೇ ಬಿಡಿ. ಅಜ್ಜಿಯ ಒಂದು ಮಾತು ಉದ್ದವಾದರೆ ಮುಂದಿನ ಎಲ್ಲ ವೇಟ್‌ಗಳನ್ನೂ ತಿದ್ದಬೇಕಾಗುತ್ತದೆ. "ಬ್ರಾಡ್‌ಕಾಸ್ಟ್ ಆ್ಯಂಡ್ ವೇಟ್" ಬಳಸಿ. ಅಜ್ಜಿ "ನಿನ್ನ ಸರದಿ" ಅನ್ನುವ ಸಂದೇಶ ಕಳಿಸುತ್ತಾಳೆ, ಮೊಮ್ಮಗನ "ವೆನ್ ಐ ರಿಸೀವ್" ಸ್ಕ್ರಿಪ್ಟ್ ಮುಗಿಯುವ ತನಕ ಕಾಯುತ್ತಾಳೆ, ಆಮೇಲೆ ತನ್ನ ಮುಂದಿನ ಮಾತು ಹೇಳುತ್ತಾಳೆ. ಸಂದೇಶಕ್ಕೆ ಕನ್ನಡದಲ್ಲೇ ಹೆಸರಿಡಬಹುದು. ಎರಡು ಎಚ್ಚರಿಕೆ: ಮೊಮ್ಮಗನ ಸ್ಕ್ರಿಪ್ಟ್‌ನಲ್ಲಿ ಫಾರೆವರ್ ಇದ್ದರೆ ಅಜ್ಜಿ ಕಾಯುತ್ತಲೇ ಇರುತ್ತಾಳೆ. ಅವನು ಮಾತಾಡುತ್ತಿರುವಾಗ ಅದೇ ಸಂದೇಶ ಇನ್ನೊಮ್ಮೆ ಬಂದರೆ ಅವನು ಮೊದಲಿನಿಂದ ಶುರು ಮಾಡುತ್ತಾನೆ.

ಮುಂದಿನ ವರ್ಷ ಪೈಥಾನ್ ಕಲಿಸ್ತಾರಂತೆ. ಇದೆಲ್ಲಾ ದಂಡನಾ?

ಖಂಡಿತ ಅಲ್ಲ. ಪೈಥಾನ್ ಅಂದರೆ ಸಾಲುಗಳನ್ನು ಟೈಪ್ ಮಾಡಿ ಬರೆಯುವ ಪ್ರೋಗ್ರಾಮಿಂಗ್ ಭಾಷೆ. ಇಫ್, ಎಲ್ಸ್ ಅಲ್ಲೂ ಅದೇ ಹೆಸರಿನಲ್ಲಿ ಇವೆ. ಎಲ್ಸ್ ಒಳಗೆ ಇಫ್ ತುರುಕುವ ಬದಲು ಎಲಿಫ್ ಅಂತ ಬರೆಯಬಹುದು. ಫಾರೆವರ್ ಅಲ್ಲಿ "ವೈಲ್ ಟ್ರೂ" ಆಗುತ್ತದೆ. ಬ್ಲಾಕ್‌ನ ಬಾಯಿ ಮಾಡುತ್ತಿದ್ದ ಕೆಲಸವನ್ನು ಸಾಲಿನ ಮುಂದೆ ಬಿಡುವ ಖಾಲಿ ಜಾಗ ಮಾಡುತ್ತದೆ. ಒಳಗೆ ಯಾವುದು, ಹೊರಗೆ ಯಾವುದು ಅನ್ನುವ ಕಣ್ಣು ಪಳಗಿದ್ದರೆ ಅದು ಕಷ್ಟವಾಗುವುದಿಲ್ಲ.

ಬದಲಾಗುವ ಕೆಲವು ವಿಷಯ ಮೊದಲೇ ತಿಳಿದಿರಲಿ. ರಿಪೀಟ್ ಅಂಟಿಲ್ ಷರತ್ತು ನಿಜವಾಗುವ ತನಕ ಸುತ್ತುತ್ತದೆ, ಪೈಥಾನ್‌ನ ವೈಲ್ ಷರತ್ತು ನಿಜ ಇರುವಷ್ಟು ಹೊತ್ತು ಸುತ್ತುತ್ತದೆ. ಹಾಗಾಗಿ ಷರತ್ತನ್ನು ತಿರುಗಿಸಿ ಬರೆಯಬೇಕು. ಸ್ಕ್ರಾಚ್ ಪಟ್ಟಿ 1ರಿಂದ ಶುರು, ಪೈಥಾನ್ ಪಟ್ಟಿ 0ಯಿಂದ. "ರೇಂಜ್(10)" ಅಂದರೂ 0ಯಿಂದ 9ರ ತನಕ. ಇನ್ನೊಂದು, ಸ್ಕ್ರಾಚ್‌ನಲ್ಲಿ ಟೈಪ್ ಮಾಡಿದ 5 ಸಂಖ್ಯೆಯ 5ಕ್ಕೆ ಸಮ. ಪೈಥಾನ್‌ನಲ್ಲಿ "ಇನ್‌ಪುಟ್" ತಂದುಕೊಡುವುದು ಅಕ್ಷರಗಳನ್ನು. ಅದನ್ನು "ಇಂಟ್" ಹಾಕಿ ಸಂಖ್ಯೆ ಮಾಡದಿದ್ದರೆ ಸಮ ಅಂತ ಒಪ್ಪುವುದಿಲ್ಲ. 18ಕ್ಕಿಂತ ಹೆಚ್ಚಾ ಅಂತ ಕೇಳಿದರಂತೂ ಎರರ್ ಕೊಟ್ಟು ಪ್ರೋಗ್ರಾಂ ನಿಂತುಬಿಡುತ್ತದೆ.